ಋಣವಿಮೋಚನೆ ಮತ್ತು ನೊಂದವರ ಹಕ್ಕು: ದಿವಾಳಿ ಕಾಯಿದೆಯ ಸುಧಾರಣೆಯ ಒಂದು ಚಾರಿತ್ರಿಕ ಸಮೀಕ್ಷೆ

೧. ಪ್ರಶ್ನೆಯ ಸ್ವರೂಪ

ಒಬ್ಬ ವರ್ತಕನು ಸಗಟು ವ್ಯಾಪಾರಿಗಳಿಗೆ ಬಾಕಿದಾರನಾಗಿದ್ದಾನೆ. ಬ್ಯಾಂಕಿನ ಸಾಲ ಬೆಳೆದಿದೆ. ಕೆಲಸದಾಳುಗಳ ಸಂಬಳ ನಿಂತಿದೆ. ಇವುಗಳ ಜೊತೆಗೆ ಅವನ ತಲೆಯ ಮೇಲೆ ಬೇರೊಂದು ಬಗೆಯ ಬಾಕಿಯೂ ಇದೆಯೆಂದು ಭಾವಿಸೋಣ. ಜಗಳವೊಂದರಲ್ಲಿ ಅವನು ನೆರೆಯವನನ್ನು ಹೊಡೆದು ಅವನ ಕಣ್ಣುಗಳನ್ನು ಕಳೆದಿದ್ದಾನೆ. ನ್ಯಾಯಾಲಯವು ಅವನಿಗೆ ಸೆರೆವಾಸವನ್ನು ವಿಧಿಸಿದುದಲ್ಲದೆ, ಕಣ್ಣು ಕಳೆದುಕೊಂಡವನಿಗೆ ಪರಿಹಾರವನ್ನು ಕೊಡಬೇಕೆಂದೂ ಆಜ್ಞಾಪಿಸಿದೆ. ಸೆರೆಯಿಂದ ಬಿಡುಗಡೆಯಾದ ಬಳಿಕ ಈ ವರ್ತಕನು ತಾನು ದಿವಾಳಿಯೆದ್ದುದಾಗಿ ಅರ್ಜಿ ಸಲ್ಲಿಸಿ, ಇದ್ದಬದ್ದ ಆಸ್ತಿಯನ್ನು ಒಪ್ಪಿಸಿ, ಋಣವಿಮೋಚನೆಯನ್ನು ಬೇಡುತ್ತಾನೆ. ಆಗ ಅಂಗಡಿಯ ಬಾಕಿಯೂ ಕಣ್ಣಿನ ಬಾಕಿಯೂ ಒಂದೇ ಪಟ್ಟಿಯಲ್ಲಿ ಸೇರಿ ಒಂದೇ ಗೆರೆಯಿಂದ ಅಳಿಸಿಹೋಗತಕ್ಕವೆ?

ಈ ಪ್ರಶ್ನೆ ಮೇಲುನೋಟಕ್ಕೆ ವಕೀಲರಿಗೆ ಮಾತ್ರ ಸಂಬಂಧಪಟ್ಟುದೆಂದು ತೋರಬಹುದು. ಆದರೆ ಇದಕ್ಕೆ ಬೇರೆ ಬೇರೆ ಕಾಲಗಳಲ್ಲಿ ದೊರೆತ ಉತ್ತರಗಳನ್ನು ನೋಡಿದರೆ, ಆಯಾ ಸಮಾಜಗಳು ಯಾರ ದುಃಖವನ್ನು ಲೆಕ್ಕಕ್ಕೆ ತೆಗೆದುಕೊಂಡವು, ಯಾರದನ್ನು ಬಿಟ್ಟವು ಎಂಬುದು ಸ್ಪಷ್ಟವಾಗುತ್ತದೆ. ದಿವಾಳಿಯ ಕಾಯಿದೆ ಹುಟ್ಟಿದ್ದು ವ್ಯಾಪಾರದ ಜಗತ್ತಿನಲ್ಲಿ. ನೊಂದವರಿಗೆ ಪರಿಹಾರ ಕೊಡಿಸುವ ಕಾಯಿದೆ ಬೆಳೆದದ್ದು ದಂಡನ್ಯಾಯದ ಜಗತ್ತಿನಲ್ಲಿ. ಮೊದಲನೆಯದರ ಗುರಿ ಸಾಲವನ್ನು ಕ್ಷಮಿಸುವುದು. ಎರಡನೆಯದರ ಗುರಿ ಸಾಲವನ್ನು ಹೊರಿಸುವುದು. ಇವೆರಡೂ ಎಲ್ಲಿ ಸಂಧಿಸಿದವು, ಸಂಧಿಸಿದಾಗ ಏನಾಯಿತು ಎಂಬುದನ್ನು ಮುಖ್ಯವಾಗಿ ಇಂಗ್ಲೆಂಡಿನ ಚರಿತ್ರೆಯಿಂದ ತಿಳಿದುಕೊಂಡು, ಆ ಬೆಳಕಿನಲ್ಲಿ ನಮ್ಮ ದೇಶದ ಸ್ಥಿತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಚರಿತ್ರೆಯ ವಿದ್ಯಾರ್ಥಿಗಳು, ನ್ಯಾಯವಾದಿಗಳಲ್ಲ. ಆದುದರಿಂದ ಕಾಯಿದೆಯ ಸೂಕ್ಷ್ಮಗಳಿಗಿಂತ ಅದರ ಹಿಂದಿರುವ ವಿಚಾರದ ಕಡೆಗೇ ಹೆಚ್ಚು ಗಮನ ಕೊಟ್ಟಿದ್ದೇವೆ.

೨. ನಮ್ಮ ಪ್ರಾಚೀನ ಧರ್ಮಶಾಸ್ತ್ರಗಳ ದೃಷ್ಟಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ. ಶ. ೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕನ್ನಡ ನಾಡಿನ ರಾಜಧಾನಿಯಲ್ಲಿ ಹುಟ್ಟಿದ ಈ ಗ್ರಂಥವು ಬ್ರಿಟಿಷರ ನ್ಯಾಯಾಲಯಗಳಲ್ಲಿಯೂ ಭಾರತದ ಬಹುಭಾಗಕ್ಕೆ ಪ್ರಮಾಣವಾಗಿದ್ದುದು ಸುಪ್ರಸಿದ್ಧ. ಆತನು ವ್ಯಾಖ್ಯಾನ ಮಾಡಿದ ಸ್ಮೃತಿಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಮೂರು ವಿಧಿಗಳಿವೆ.

ಮೊದಲನೆಯದಾಗಿ, ಕಳ್ಳರು ಅಪಹರಿಸಿದ ಧನವನ್ನು ಅರಸನು ಪ್ರಜೆಗೆ ಹಿಂದಿರುಗಿಸಬೇಕು. ಹಾಗೆ ಮಾಡದಿದ್ದರೆ ಆ ಪಾಪ ಅವನಿಗೇ ಅಂಟುತ್ತದೆ. ಗೌತಮನ ಧರ್ಮಸೂತ್ರವೂ ಕೌಟಿಲ್ಯನ ಅರ್ಥಶಾಸ್ತ್ರವೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕದ್ದ ವಸ್ತು ಸಿಕ್ಕದಿದ್ದಲ್ಲಿ ರಾಜನು ತನ್ನ ಬೊಕ್ಕಸದಿಂದಲೇ ಅದನ್ನು ತುಂಬಿಕೊಡಬೇಕೆನ್ನುತ್ತವೆ. ಎರಡನೆಯದಾಗಿ, ಮತ್ತೊಬ್ಬನಿಗೆ ಗಾಯಮಾಡಿ ನೋವುಂಟುಮಾಡಿದವನು ರಾಜನಿಗೆ ದಂಡ ತೆರುವುದಲ್ಲದೆ, ಗಾಯಗೊಂಡವನು ಗುಣಹೊಂದುವ ತನಕ ತಗಲುವ ವೆಚ್ಚವನ್ನೂ ಕೊಡಬೇಕು. ಮೂರನೆಯದಾಗಿ, ತಂದೆಯ ಸಾಲವನ್ನು ಮಗನು ತೀರಿಸಬೇಕಾದರೂ ಅದಕ್ಕೆ ಕೆಲವು ಅಪವಾದಗಳಿವೆ. ಕುಡಿತ ಮತ್ತು ಜೂಜಿನ ಸಾಲಗಳಂತೆಯೇ ತಂದೆ ತೆರದೆ ಉಳಿಸಿದ ದಂಡದ ಬಾಕಿಯೂ ಮಗನಿಗೆ ತಗಲುವುದಿಲ್ಲ.

ಇವುಗಳಲ್ಲಿ ಎರಡು ತತ್ತ್ವಗಳು ಅಡಗಿವೆ. ಅಪರಾಧದಿಂದ ಹುಟ್ಟಿದ ಬಾಕಿಯು ಕೊಟ್ಟು ತೆಗೆದುಕೊಂಡ ಸಾಲಕ್ಕಿಂತ ಬೇರೆ ಜಾತಿಯದು ಎಂಬುದು ಒಂದು; ಪ್ರಜೆಯನ್ನು ಕಾಪಾಡುವ ಹೊಣೆ ಹೊತ್ತ ರಾಜ್ಯವು, ಕಾಪಾಡಲಾರದೆ ಹೋದಾಗ ತಾನೂ ಋಣಿಯಾಗುತ್ತದೆ ಎಂಬುದು ಮತ್ತೊಂದು. ಸ್ಮೃತಿಗಳ ದಂಡವ್ಯವಸ್ಥೆಯಲ್ಲಿ ವರ್ಣಭೇದಕ್ಕನುಸಾರವಾಗಿ ದಂಡವೂ ಬೇರೆ ಬೇರೆಯಾಗಿತ್ತೆಂಬುದನ್ನು ಮರೆಯಲಾಗದು. ಆ ವ್ಯವಸ್ಥೆಯನ್ನು ಇಂದು ಆದರ್ಶವೆಂದು ಮುಂದಿಡುವುದು ನಮ್ಮ ಅಭಿಪ್ರಾಯವಲ್ಲ. ಬೊಕ್ಕಸದಿಂದ ಹಣ ಕೊಡಬೇಕೆಂಬ ವಿಧಿ ಎಷ್ಟರ ಮಟ್ಟಿಗೆ ಆಚರಣೆಯಲ್ಲಿತ್ತೆಂಬುದೂ ಬೇರೆಯೇ ವಿಚಾರ. ಮೇಲಾಗಿ, ಪ್ರಾಮಾಣಿಕನಾದ ಸಾಲಗಾರನನ್ನು ಅವನ ಸಾಲದಿಂದ ಪೂರ್ಣವಾಗಿ ಬಿಡಿಸುವ ವ್ಯವಸ್ಥೆ ಅಲ್ಲಿರಲಿಲ್ಲ. ದುಡಿಮೆಯಿಂದಲೋ ಕಂತುಗಳಿಂದಲೋ ಸಾಲವನ್ನು ತೀರಿಸಬೇಕೆಂಬುದೇ ನಿಯಮವಾಗಿತ್ತು. ಋಣವಿಮೋಚನೆ ಎಂಬ ಕಲ್ಪನೆಯು ನ್ಯಾಯಾಲಯದ ಆಜ್ಞೆಯ ರೂಪದಲ್ಲಿ ನಮಗೆ ಬಂದುದು ಇಂಗ್ಲೆಂಡಿನಿಂದ. ಆದುದರಿಂದ ಆ ಕಡೆಗೆ ತಿರುಗೋಣ.

೩. ವಿಮೋಚನೆಯ ಹುಟ್ಟು

ಇಂಗ್ಲೆಂಡಿನ ಮೊದಲ ದಿವಾಳಿ ಕಾಯಿದೆ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, ೧೫೪೨ರಲ್ಲಿ ಬಂದಿತು. ಆ ಕಾಯಿದೆಯ ಕಣ್ಣಿಗೆ ದಿವಾಳಿಯೆದ್ದವನೇ ಅಪರಾಧಿ. ಸಾಲಿಗರನ್ನು ಮೋಸಗೊಳಿಸಿ ತಲೆತಪ್ಪಿಸಿಕೊಂಡವನ ಆಸ್ತಿಯನ್ನು ಹಿಡಿದು, ಸಾಲ ಕೊಟ್ಟವರೆಲ್ಲರಿಗೂ ಪ್ರಮಾಣಾನುಸಾರ ಹಂಚುವುದಷ್ಟೇ ಅದರ ಕೆಲಸ. ೧೫೭೧ರ ಕಾಯಿದೆಯು ದಿವಾಳಿಯನ್ನು ವರ್ತಕರಿಗೆ ಮಾತ್ರ ಮೀಸಲಾಗಿಸಿತು. ೧೭೦೫ರಲ್ಲಿ, ರಾಣಿ ಆ್ಯನಳ ಕಾಲದಲ್ಲಿ, ಮೊಟ್ಟಮೊದಲಿಗೆ ವಿಮೋಚನೆ ಕಾಣಿಸಿಕೊಂಡಿತು: ಆಸ್ತಿಯನ್ನೆಲ್ಲ ಪ್ರಾಮಾಣಿಕವಾಗಿ ಒಪ್ಪಿಸಿದವನು ಉಳಿದ ಸಾಲದಿಂದ ಮುಕ್ತನಾಗಬಹುದು. ಅದೇ ಕಾಯಿದೆಯಲ್ಲಿ, ಆಸ್ತಿಯನ್ನು ಬಚ್ಚಿಟ್ಟು ವಂಚಿಸಿದವನಿಗೆ ಮರಣದಂಡನೆಯೂ ಇದ್ದಿತು! ಕ್ಷಮೆಯೂ ನೇಣುಗಂಬವೂ ಜೊತೆಯಾಗಿ ಹುಟ್ಟಿದುವು. ಪ್ರಾಮಾಣಿಕನನ್ನೂ ವಂಚಕನನ್ನೂ ಬೇರೆ ಬೇರೆಯಾಗಿ ನೋಡಬೇಕೆಂಬ ವಿವೇಕವು ಅಂದಿನಿಂದ ದಿವಾಳಿ ಕಾಯಿದೆಯ ಜೀವಾಳವಾಗಿದೆ.

ಮುಂದೆ ೧೮೬೧ರಲ್ಲಿ ವರ್ತಕರಲ್ಲದವರಿಗೂ ದಿವಾಳಿಯ ಬಾಗಿಲು ತೆರೆಯಿತು. ೧೮೬೯ರ ಕಾಯಿದೆಯು, ಕೆಲವು ಅಪವಾದಗಳನ್ನುಳಿದು, ಸಾಲಕ್ಕಾಗಿ ಸೆರೆಮನೆಗೆ ಹಾಕುವ ಪದ್ಧತಿಯನ್ನು ಕೊನೆಗೊಳಿಸಿತು. ಈ ಸುಧಾರಣೆಗಳೆಲ್ಲ ಸಾಲಗಾರನಿಗೂ ಸಾಲಿಗನಿಗೂ ನಡುವಿನ ವ್ಯವಹಾರವನ್ನು ಕುರಿತವು. ಪೆಟ್ಟು ತಿಂದವನು ಈ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ೧೮೮೩ರ ಮತ್ತು ೧೯೧೪ರ ಕಾಯಿದೆಗಳು ಅವನನ್ನು ಕಂಡವು. ಆದರೆ ಹೊರಗಿಡುವುದಕ್ಕಾಗಿ ಕಂಡವು. ಕರಾರಿನಿಂದಲ್ಲದೆ ಬೇರೆ ವಿಧದಲ್ಲಿ ಉಂಟಾದ, ಮೊತ್ತ ನಿಶ್ಚಯವಾಗದ ನಷ್ಟಪರಿಹಾರದ ಕೋರಿಕೆಯು ದಿವಾಳಿಯ ಪಟ್ಟಿಗೆ ಸೇರತಕ್ಕದ್ದಲ್ಲವೆಂದು ಅವು ಸಾರಿದವು. ಅಂದರೆ ಹೊಡೆತ ತಿಂದವನಿಗೆ ದಿವಾಳಿಯ ಆಸ್ತಿಯಲ್ಲಿ ಪಾಲಿಲ್ಲ; ಆದರೆ ಪಟ್ಟಿಗೆ ಸೇರದ್ದರಿಂದ ಅವನ ಹಕ್ಕು ವಿಮೋಚನೆಯಿಂದ ಅಳಿಯುವುದೂ ಇಲ್ಲ. ಬರಿಗೈಯಾದವನ ಮೇಲಿನ ಹಕ್ಕು ಉಳಿದರೇನು, ಅಳಿದರೇನು? ಈ ನಿಯಮದ ವಿಚಿತ್ರ ಪರಿಣಾಮವನ್ನು ನಮ್ಮ ದೇಶದ ವಿಷಯಕ್ಕೆ ಬಂದಾಗ ನೋಡುವೆವು.

೪. ನಾನ್ನೂರ ನಲವತ್ತೆರಡು ವರ್ಷಗಳ ಕಂತು

ಎರಡನೆಯ ಮಹಾಯುದ್ಧದ ನಂತರ ಈ ಮೌನವನ್ನು ಮುರಿದವರಲ್ಲಿ ಅಗ್ರಗಣ್ಯಳು ಮಾರ್ಜರಿ ಫ್ರೈ. ಸೆರೆಮನೆಗಳ ಸುಧಾರಣೆಗಾಗಿ ಜೀವಮಾನವಿಡೀ ದುಡಿದ ಈ ಮಹಿಳೆ, ಅಪರಾಧಿಯ ಕ್ಷೇಮವನ್ನು ಚಿಂತಿಸುತ್ತ ಚಿಂತಿಸುತ್ತ ಅಪರಾಧಕ್ಕೆ ಈಡಾದವನ ಕಡೆಗೂ ದೃಷ್ಟಿ ಹಾಯಿಸಿದಳು. ಆಕೆ ಉದಾಹರಿಸಿದ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಇಬ್ಬರ ಹಲ್ಲೆಯಿಂದ ಒಬ್ಬಾತನು ಕುರುಡನಾದನು. ನ್ಯಾಯಾಲಯವು ಅವನಿಗೆ ೧೧,೫೦೦ ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿತು. ಆದರೆ ಹಲ್ಲೆ ಮಾಡಿದವರು ಬಡವರಾದ ಕಾರಣ, ತಲಾ ವಾರಕ್ಕೆ ಐದು ಷಿಲಿಂಗಿನಂತೆ ತೆರಬೇಕೆಂದು ಆಜ್ಞೆಯಾಯಿತು. ಲೆಕ್ಕ ಹಾಕಿದರೆ ಪೂರ್ತಿ ಹಣ ಸಲ್ಲಲು ೪೪೨ ವರ್ಷಗಳು ಬೇಕು!

ಕಾಯಿದೆಯ ಕಾಗದದ ಮೇಲೆ ಆ ಕುರುಡನು ಸಿರಿವಂತ. ಊಟದ ತಟ್ಟೆಯ ಮುಂದೆ ಅವನು ದರಿದ್ರ. ಈ ಪ್ರಸಂಗದಿಂದ ಫ್ರೈ ತೆಗೆದ ತೀರ್ಮಾನ ಸರಳವಾದುದು: ಅಪರಾಧಿಯ ಜೇಬನ್ನು ನಂಬಿ ಕುಳಿತರೆ ನೊಂದವನಿಗೆ ನ್ಯಾಯ ದೊರೆಯದು, ಸಮಾಜವೇ ಈ ಹೊರೆಯನ್ನು ಹೊರಬೇಕು. ೧೯೫೭ರಲ್ಲಿ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಆಕೆ ಬರೆದ ಲೇಖನ ಚರ್ಚೆಯನ್ನು ಬೆಳೆಸಿತು. ಮರುವರ್ಷವೇ ಆಕೆ ತೀರಿಕೊಂಡಳು. ಆ ವಿಚಾರವನ್ನು ಮೊದಲು ಕಾರ್ಯರೂಪಕ್ಕೆ ತಂದುದು ನ್ಯೂಜಿಲೆಂಡ್. ೧೯೬೩ರಲ್ಲಿ ಅಂಗೀಕೃತವಾದ ಅದರ ಕಾಯಿದೆ ೧೯೬೪ರ ಜನವರಿ ೧ರಿಂದ ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟ್ ೧ರಿಂದ ಬ್ರಿಟನ್ನಿನಲ್ಲಿಯೂ ಹಿಂಸಾಪರಾಧಗಳಿಂದ ಗಾಯಗೊಂಡವರಿಗೆ ಸರಕಾರದ ಹಣದಿಂದ ಪರಿಹಾರ ಕೊಡುವ ಮಂಡಲಿಯೊಂದು ಕೆಲಸ ಆರಂಭಿಸಿತು. ಆದರೆ ಬ್ರಿಟಿಷ್ ಸರಕಾರವು ಇದನ್ನು ಹಕ್ಕೆಂದು ಒಪ್ಪಲಿಲ್ಲ, ಔದಾರ್ಯವೆಂದು ಕರೆಯಿತು. ಈ ಯೋಜನೆಗೆ ಕಾಯಿದೆಯ ಆಧಾರ ದೊರೆತುದು ೧೯೯೫ರಲ್ಲಿ.

ಬೊಕ್ಕಸದಿಂದ ಕೊಡುವುದೆಂಬ ಗೌತಮ–ಕೌಟಿಲ್ಯರ ವಿಧಿಗೂ ಈ ಯೋಜನೆಗೂ ನೇರವಾದ ಸಂಬಂಧವೇನೂ ಇಲ್ಲ. ಆದರೂ ಕಾಪಾಡಲಾರದವನು ತುಂಬಿಕೊಡಬೇಕೆಂಬ ವಿಚಾರವು ಎರಡು ಸಾವಿರ ವರ್ಷಗಳ ಅಂತರದಲ್ಲಿ ಎರಡು ನಾಡುಗಳಲ್ಲಿ ಸ್ವತಂತ್ರವಾಗಿ ಮೂಡಿದುದು ಗಮನಾರ್ಹವಾಗಿದೆ.

೫. ೧೯೭೨ರ ಪ್ರಯೋಗ

ರಾಜ್ಯವು ಕೊಡಲಿ, ಆದರೆ ಅಪರಾಧಿಯು ತಪ್ಪಿಸಿಕೊಳ್ಳಬಾರದಷ್ಟೆ? ೧೯೭೨ರಲ್ಲಿ ಪಾರ್ಲಿಮೆಂಟು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಆ ವರ್ಷದ ದಂಡನ್ಯಾಯ ಕಾಯಿದೆಯು ಎರಡು ಹೊಸ ಸಾಧನಗಳನ್ನು ನ್ಯಾಯಾಧೀಶರ ಕೈಗೆ ಕೊಟ್ಟಿತು. ಮೊದಲನೆಯದು ಪರಿಹಾರದ ಆಜ್ಞೆ: ನೊಂದವನು ಬೇರೆ ದಾವೆ ಹೂಡದೆಯೇ, ಶಿಕ್ಷೆ ವಿಧಿಸುವ ನ್ಯಾಯಾಲಯವೇ ಅಪರಾಧಿಯಿಂದ ಅವನಿಗೆ ಹಣ ಕೊಡಿಸಬಹುದು. ಎರಡನೆಯದು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಅದರ ಹೆಸರು ‘ಕ್ರಿಮಿನಲ್ ದಿವಾಳಿ’.

ಅಪರಾಧದಿಂದ ಉಂಟಾದ ನಷ್ಟವು ೧೫,೦೦೦ ಪೌಂಡುಗಳನ್ನು ಮೀರಿದರೆ, ಶಿಕ್ಷೆ ವಿಧಿಸುವ ನ್ಯಾಯಾಲಯವು ಅಪರಾಧಿಯ ಮೇಲೆ ಕ್ರಿಮಿನಲ್ ದಿವಾಳಿಯ ಆಜ್ಞೆಯನ್ನು ಹೊರಡಿಸಬಹುದಾಗಿತ್ತು. ಆ ಆಜ್ಞೆಯಲ್ಲಿ ಹೆಸರಿಸಲ್ಪಟ್ಟ ನಷ್ಟಪೀಡಿತರು ದಿವಾಳಿಯ ಸಾಲಿಗರೆಂದೇ ಪರಿಗಣಿತರಾಗುತ್ತಿದ್ದರು. ಸಾಲಿಗರಾರೂ ಮುಂದೆ ಬಾರದಿದ್ದರೆ ಸರಕಾರದ ಪರವಾಗಿ ಅಭಿಯೋಗಗಳ ನಿರ್ದೇಶಕನೇ ದಿವಾಳಿಯ ಅರ್ಜಿಯನ್ನು ಸಲ್ಲಿಸಲು ಅವಕಾಶವಿತ್ತು. ಅಪರಾಧದ ನಂತರ ಅಪರಾಧಿಯು ಹೆಂಡತಿಗೋ ಬಂಧುಗಳಿಗೋ ದಾನಮಾಡಿದಂತೆ ತೋರಿಸಿ ಸಾಗಿಸಿದ ಆಸ್ತಿಯನ್ನು ಹಿಂದಕ್ಕೆಳೆಯುವ ಅಧಿಕಾರವೂ ಇದ್ದಿತು. ಸಾಲಗಾರನನ್ನು ರಕ್ಷಿಸಲು ಬೆಳೆದ ಸಂಸ್ಥೆಯನ್ನೇ ನೊಂದವರ ಕೈಯ ಆಯುಧವನ್ನಾಗಿ ಮಾಡುವ ಧೀರ ಪ್ರಯತ್ನವಿದು. ೧೫೪೨ರಲ್ಲಿ ದಿವಾಳಿಯೆದ್ದವನನ್ನು ಅಪರಾಧಿಯೆಂದು ಕಂಡ ಕಾಯಿದೆಯು, ೧೯೭೨ರಲ್ಲಿ ಅಪರಾಧಿಯನ್ನು ದಿವಾಳಿಯೆದ್ದವನನ್ನಾಗಿ ಮಾಡಿತು.

ಆದರೆ ಈ ಪ್ರಯೋಗ ಹದಿನಾರೇ ವರ್ಷ ಬಾಳಿತು. ಅದರ ಸೋಲಿಗೆ ಕಾರಣಗಳು ಕಾಯಿದೆಯ ರಚನೆಯಲ್ಲಿಯೇ ಇದ್ದವು. ಆಜ್ಞೆಯು ಹೊರಡುತ್ತಿದ್ದುದು ಅಪರಾಧ ಸಿದ್ಧವಾದ ಮೇಲೆ. ಅಷ್ಟರಲ್ಲಿ ಜಾಣನಾದ ವಂಚಕನು ತನ್ನ ಹಣವನ್ನು ಕೈಗೆಟುಕದಂತೆ ಸಾಗಿಸಿರುತ್ತಿದ್ದನು. ಆಜ್ಞೆ ತಾನಾಗಿ ಹಣ ತರುತ್ತಿರಲಿಲ್ಲ. ಅದರ ಮೇಲೆ ಮತ್ತೆ ದಿವಾಳಿಯ ನಡವಳಿ ಆರಂಭವಾಗಬೇಕಿತ್ತು. ಗುರುತಿಸಬಹುದಾದ ನಷ್ಟಪೀಡಿತರಿಲ್ಲದ ಅಪರಾಧಗಳಿಗೆ, ಉದಾಹರಣೆಗೆ ಮಾದಕವಸ್ತುಗಳ ವ್ಯಾಪಾರಕ್ಕೆ, ಅದು ಅನ್ವಯಿಸುತ್ತಲೇ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದೇಹಕ್ಕಾದ ಗಾಯದಿಂದ ಉಂಟಾದ ನಷ್ಟವನ್ನು ಆ ೧೫,೦೦೦ ಪೌಂಡುಗಳ ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ. ಹಣ ಕಳೆದುಕೊಂಡವನಿಗೆ ಈ ಆಯುಧ ದೊರೆಯಿತು. ಕಣ್ಣು ಕಳೆದುಕೊಂಡವನಿಗೆ ದೊರೆಯಲಿಲ್ಲ. ೧೯೮೮ರ ದಂಡನ್ಯಾಯ ಕಾಯಿದೆಯು ಕ್ರಿಮಿನಲ್ ದಿವಾಳಿಯನ್ನು ರದ್ದುಗೊಳಿಸಿ, ಅಪರಾಧದಿಂದ ಗಳಿಸಿದ ಲಾಭವನ್ನು ಸರಕಾರವೇ ಮುಟ್ಟುಗೋಲು ಹಾಕಿಕೊಳ್ಳುವ ಮಾರ್ಗವನ್ನು ಹಿಡಿಯಿತು.

೬. ೧೯೮೬ರ ಕಾಯಿದೆ

ಈ ಮಧ್ಯೆ ಸರ್ ಕೆನ್ನೆತ್ ಕಾರ್ಕ್‌ನ ಅಧ್ಯಕ್ಷತೆಯ ಸಮಿತಿಯು ೧೯೮೨ರಲ್ಲಿ ದಿವಾಳಿ ಕಾಯಿದೆಯ ಸಮಗ್ರ ಸುಧಾರಣೆಗಾಗಿ ವರದಿಯೊಪ್ಪಿಸಿತು. ಅದರ ಫಲವಾಗಿ ೧೯೮೬ರ ಕಾಯಿದೆ ರೂಪುಗೊಂಡಿತು. ಇದರ ೨೮೧ನೆಯ ಕಲಮಿನಲ್ಲಿ ನಮ್ಮ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿದೆ. ಗಾಯದ ಪರಿಹಾರವು ಈಗ ದಿವಾಳಿಯ ಪಟ್ಟಿಗೆ ಸೇರಬಹುದು, ಆಸ್ತಿಯಲ್ಲಿ ಪಾಲು ಪಡೆಯಬಹುದು. ಆದರೂ ವಿಮೋಚನೆಯಾದೊಡನೆ ಉಳಿದ ಬಾಕಿ ಅಳಿಯುವುದಿಲ್ಲ. ನ್ಯಾಯಾಲಯವು ವಿಶೇಷವಾಗಿ ಆಜ್ಞಾಪಿಸಿದರೆ ಮಾತ್ರ, ಅದು ಹೇಳಿದಷ್ಟರ ಮಟ್ಟಿಗೆ ಮತ್ತು ಅದು ಹಾಕಿದ ಷರತ್ತುಗಳ ಮೇಲೆ, ಬಿಡುಗಡೆಯುಂಟು.

ಅಪರಾಧಿಗೆ ವಿಧಿಸಿದ ಜುಲ್ಮಾನೆಯೂ ಅಳಿಯುವುದಿಲ್ಲ. ಇಲ್ಲಿ ಒಂದು ಪದದ ಅರ್ಥವಿವರಣೆ ಬಹಳ ಕೆಲಸ ಮಾಡಿದೆ. ‘ಜುಲ್ಮಾನೆ’ ಎಂಬುದಕ್ಕೆ ೧೯೮೦ರ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಕಾಯಿದೆಯಲ್ಲಿರುವ ಅರ್ಥವನ್ನೇ ೧೯೮೬ರ ಕಾಯಿದೆ ಸ್ವೀಕರಿಸಿದೆ. ಆ ಅರ್ಥದಲ್ಲಿ, ಅಪರಾಧ ಸಿದ್ಧವಾದ ಮೇಲೆ ಕೊಡಬೇಕಾಗುವ ಪರಿಹಾರದ ಹಣವೂ ಅಡಕವಾಗಿದೆ. ಸರಕಾರಕ್ಕೆ ಸಲ್ಲುವ ದಂಡಕ್ಕೂ ನೊಂದವನಿಗೆ ಸಲ್ಲುವ ಪರಿಹಾರಕ್ಕೂ ಹೀಗೆ ಒಂದೇ ರಕ್ಷಣೆ ದೊರೆಯಿತು. ೨೦೦೨ರ ಉದ್ಯಮ ಕಾಯಿದೆಯ ಪರಿಣಾಮವಾಗಿ, ೨೦೦೪ರಿಂದೀಚೆಗೆ ಸಾಮಾನ್ಯ ಸಾಲಗಾರನು ಒಂದೇ ವರ್ಷದಲ್ಲಿ ವಿಮೋಚನೆ ಪಡೆಯಬಹುದು. ಕ್ಷಮೆ ಇಷ್ಟು ಸುಲಭವಾದಾಗ, ಕ್ಷಮಿಸಬಾರದ ಸಾಲಗಳ ಪಟ್ಟಿಗೆ ಮಹತ್ವ ಇಮ್ಮಡಿಯಾಗುವುದು ಸಹಜ.

ಅಮೆರಿಕದಲ್ಲಿಯೂ ಇದೇ ಕಾಲದಲ್ಲಿ ಇದೇ ಪ್ರಶ್ನೆ ಏಳದಿರಲಿಲ್ಲ. ದಂಡನ್ಯಾಯಾಲಯ ಶಿಕ್ಷೆಯ ಅಂಗವಾಗಿ ವಿಧಿಸಿದ ಪರಿಹಾರವು ದಿವಾಳಿಯಿಂದ ಅಳಿಯದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ೧೯೮೬ರಲ್ಲಿ ತೀರ್ಪಿತ್ತಿತು. ೧೯೯೦ರಲ್ಲಿ ಅದೇ ನ್ಯಾಯಾಲಯವು, ಕಂತುಗಳಲ್ಲಿ ಸಾಲ ತೀರಿಸುವ ಇನ್ನೊಂದು ಬಗೆಯ ದಿವಾಳಿಯಲ್ಲಿ ಅದು ಅಳಿಯಬಹುದೆಂದು ಹೇಳಿತು. ಆ ವರ್ಷವೇ ಕಾಂಗ್ರೆಸ್ಸು ಕಾಯಿದೆಯನ್ನು ತಿದ್ದಿ ಆ ಕಿಂಡಿಯನ್ನು ಮುಚ್ಚಿತು. ನ್ಯಾಯಾಧೀಶರ ವ್ಯಾಖ್ಯಾನವನ್ನು ನಂಬುವುದಕ್ಕಿಂತ ಕಾಯಿದೆಯಲ್ಲಿಯೇ ಸ್ಪಷ್ಟವಾಗಿ ಬರೆಯುವುದು ಲೇಸೆಂಬ ಪಾಠವನ್ನು ಇದರಿಂದ ಕಲಿಯಬಹುದು.

೭. ಭಾರತದಲ್ಲಿ

ನಮ್ಮ ದೇಶದಲ್ಲಿ ಈ ಎರಡು ಕಾಯಿದೆಗಳೂ ಎರಡು ಪ್ರತ್ಯೇಕ ಕೋಣೆಗಳಲ್ಲಿ ಬೆಳೆದವು. ದಿವಾಳಿಯ ಕಾಯಿದೆ ಮೊದಲು ೧೮೨೮ರಲ್ಲಿ ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆ ಬಂದಿತು. ಆ ನಗರಗಳಿಗೆ ೧೯೦೯ರ ಕಾಯಿದೆಯೂ ಉಳಿದ ಪ್ರಾಂತಗಳಿಗೆ ೧೯೨೦ರ ಪ್ರಾಂತೀಯ ದಿವಾಳಿ ಕಾಯಿದೆಯೂ ಆಧಾರವಾದವು. ೧೯೨೦ರ ಕಾಯಿದೆಯ ೩೪ನೆಯ ಕಲಮು ಇಂಗ್ಲೆಂಡಿನ ಹಳೆಯ ನಿಯಮದ ಪ್ರತಿಬಿಂಬವೇ ಆಗಿದೆ: ಕರಾರು ಅಥವಾ ನಂಬಿಕೆಯ ಭಂಗದಿಂದಲ್ಲದೆ ಹುಟ್ಟಿದ, ಮೊತ್ತ ನಿಶ್ಚಯವಾಗದ ನಷ್ಟಪರಿಹಾರ ಪಟ್ಟಿಗೆ ಸೇರದು. ೪೪ನೆಯ ಕಲಮು ವಿಮೋಚನೆಯಿಂದ ಅಳಿಯದ ಬಾಕಿಗಳನ್ನು ಹೆಸರಿಸುತ್ತದೆ: ಸರಕಾರಕ್ಕೆ ಸಲ್ಲಬೇಕಾದುದು, ವಂಚನೆಯಿಂದ ಉಂಟಾದುದು ಅಥವಾ ವಂಚನೆಯಿಂದ ಗಡುವು ಪಡೆದುದು, ಮತ್ತು ದಂಡಪ್ರಕ್ರಿಯಾ ಸಂಹಿತೆಯ ಪ್ರಕಾರ ಹೆಂಡತಿ ಮಕ್ಕಳಿಗೆ ಕೊಡಬೇಕಾದ ಜೀವನಾಂಶ. ಪಟ್ಟಿಗೆ ಸೇರತಕ್ಕ ಉಳಿದ ಸಾಲಗಳೆಲ್ಲವೂ ಅಳಿಯುತ್ತವೆ.

ಈ ಎರಡು ಕಲಮುಗಳನ್ನು ಒಟ್ಟಿಗೆ ಓದಿದರೆ ವಿಪರೀತವಾದ ಫಲ ಹೊರಡುತ್ತದೆ. ಗಾಯಗೊಂಡವನು ದಾವೆಯನ್ನೇ ಹೂಡದಿದ್ದರೆ ಅವನ ಕೋರಿಕೆಯ ಮೊತ್ತ ನಿಶ್ಚಯವಾಗಿಲ್ಲ; ಅದು ಪಟ್ಟಿಗೆ ಸೇರದು, ಆದುದರಿಂದ ಅಳಿಯದು. ಅವನು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದು ಡಿಕ್ರಿ ಪಡೆದನೆಂದರೆ ಮೊತ್ತ ನಿಶ್ಚಯವಾಯಿತು. ಅದು ಸಾಲವಾಯಿತು, ಪಟ್ಟಿಗೆ ಸೇರಿತು, ವಿಮೋಚನೆಯೊಡನೆ ಅಳಿಯಿತು. ದಾವೆಯಲ್ಲಿ ಗೆದ್ದವನು ದಿವಾಳಿಯಲ್ಲಿ ಸೋತನು! ಸರಕಾರಕ್ಕೆ ಸಲ್ಲುವ ಜುಲ್ಮಾನೆಗೆ ರಕ್ಷಣೆಯುಂಟು. ಹೆಂಡತಿಯ ಜೀವನಾಂಶಕ್ಕೆ ಉಂಟು. ಗಾಯಗೊಂಡವನಿಗೆ ದಂಡನ್ಯಾಯಾಲಯ ಗೊತ್ತುಮಾಡಿದ ಪರಿಹಾರದ ಹೆಸರೇ ಪಟ್ಟಿಯಲ್ಲಿಲ್ಲ.

ಇದಕ್ಕೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ೧೯೨೦ರಲ್ಲಿ ಅಂಥ ಪರಿಹಾರ ಹೆಚ್ಚಾಗಿ ಇರಲೇ ಇಲ್ಲ. ೧೮೯೮ರ ದಂಡಪ್ರಕ್ರಿಯಾ ಸಂಹಿತೆಯ ೫೪೫ನೆಯ ಕಲಮಿನಂತೆ, ವಸೂಲಾದ ಜುಲ್ಮಾನೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನೊಂದವನಿಗೆ ಕೊಡಿಸಬಹುದಾಗಿತ್ತು, ಅಷ್ಟೆ. ೧೯೭೩ರ ಸಂಹಿತೆಯ ೩೫೭ನೆಯ ಕಲಮಿನ ಮೂರನೆಯ ಉಪಕಲಮು, ಜುಲ್ಮಾನೆ ವಿಧಿಸದಿದ್ದಾಗಲೂ ಪರಿಹಾರ ಕೊಡಿಸುವ ಸ್ವತಂತ್ರ ಅಧಿಕಾರವನ್ನು ನ್ಯಾಯಾಲಯಗಳಿಗೆ ನೀಡಿತು. ನ್ಯಾಯಾಲಯಗಳು ಅದನ್ನು ಅಪರೂಪವಾಗಿ ಬಳಸುತ್ತಿದ್ದುವು. ೧೯೮೮ರಲ್ಲಿ ಹರಿಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಅಧಿಕಾರವನ್ನು ಧಾರಾಳವಾಗಿ ಬಳಸಬೇಕೆಂದು ಸೂಚಿಸಿತು. ೨೦೧೩ರಲ್ಲಿ ಅಂಕುಶ ಶಿವಾಜಿ ಗಾಯಕವಾಡ್ ಪ್ರಕರಣದಲ್ಲಿ, ಪರಿಹಾರದ ಪ್ರಶ್ನೆಯನ್ನು ಪರಿಶೀಲಿಸುವುದು ನ್ಯಾಯಾಲಯದ ಕರ್ತವ್ಯವೆಂದೇ ಸಾರಿತು. ಪರಿಹಾರ ಕೊಡದೆ ಅದಕ್ಕೆ ಪ್ರತಿಯಾಗಿ ಸೆರೆವಾಸ ಅನುಭವಿಸಿದವನಿಂದಲೂ ಹಣವನ್ನು ವಸೂಲು ಮಾಡಬಹುದೆಂದು ೨೦೧೭ರಲ್ಲಿ ತೀರ್ಪಾಯಿತು.

ರಾಜ್ಯದ ಹೊಣೆಯೂ ನಿಧಾನವಾಗಿ ಅಂಗೀಕೃತವಾಯಿತು. ೨೦೦೮ರ ತಿದ್ದುಪಡಿಯಿಂದ ಸೇರಿಸಲ್ಪಟ್ಟು ೨೦೦೯ರ ಡಿಸೆಂಬರ್ ೩೧ರಿಂದ ಜಾರಿಗೆ ಬಂದ ೩೫೭–ಎ ಕಲಮು, ಪ್ರತಿಯೊಂದು ರಾಜ್ಯವೂ ಪರಿಹಾರ ಯೋಜನೆಯೊಂದನ್ನು ರಚಿಸಬೇಕೆಂದು ವಿಧಿಸಿತು. ಅದರಂತೆ ಕರ್ನಾಟಕದಲ್ಲಿ ೨೦೧೧ರಲ್ಲಿ ಯೋಜನೆ ಏರ್ಪಟ್ಟಿತು. ಅಪರಾಧಿ ಪತ್ತೆಯಾಗದಿದ್ದರೂ, ಬಿಡುಗಡೆ ಹೊಂದಿದರೂ, ನೊಂದವರಿಗೆ ಪರಿಹಾರ ದೊರೆಯಬಹುದೆಂಬುದು ಇಲ್ಲಿನ ವಿಶೇಷ. ಆಮ್ಲದಾಳಿಗೆ ಗುರಿಯಾದವರಿಗೆ ಕನಿಷ್ಠ ೩ ಲಕ್ಷ ರೂಪಾಯಿ ಸಲ್ಲಬೇಕೆಂದು ೨೦೧೩ರಲ್ಲಿ ಲಕ್ಷ್ಮೀ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೩೯೫ ಮತ್ತು ೩೯೬ನೆಯ ಕಲಮುಗಳಲ್ಲಿ ಈ ಎರಡು ವ್ಯವಸ್ಥೆಗಳೂ ಮುಂದುವರಿದಿವೆ.

ಹೀಗೆ ಪರಿಹಾರದ ಕೋಣೆಯಲ್ಲಿ ದೀಪ ಹತ್ತಿತು. ದಿವಾಳಿಯ ಕೋಣೆಯಲ್ಲೇನಾಯಿತು? ೨೦೧೬ರ ದಿವಾಳಿ ಸಂಹಿತೆಯು ‘ಹೊರತುಪಡಿಸಿದ ಸಾಲ’ಗಳೆಂಬ ಹೊಸ ಪಟ್ಟಿಯನ್ನು ಕೊಟ್ಟಿತು. ನ್ಯಾಯಾಲಯ ವಿಧಿಸಿದ ಜುಲ್ಮಾನೆ, ನಿರ್ಲಕ್ಷ್ಯ, ಉಪದ್ರವ ಅಥವಾ ಶಾಸನಬದ್ಧವಾದ, ಕರಾರಿನ ಇಲ್ಲವೆ ಬೇರೆ ಕಾನೂನುಬದ್ಧ ಹೊಣೆಯ ಉಲ್ಲಂಘನೆಯಿಂದ ಬರುವ ನಷ್ಟಪರಿಹಾರ, ಜೀವನಾಂಶ, ವಿದ್ಯಾಭ್ಯಾಸದ ಸಾಲ, ಸರಕಾರ ನಿಯಮದ ಮೂಲಕ ಸೇರಿಸಬಹುದಾದ ಇತರ ಸಾಲ. ಇವು ಒಂದು ವರ್ಷದ ನಂತರ ದೊರೆಯುವ ವಿಮೋಚನೆಯಿಂದ ಅಳಿಯುವುದಿಲ್ಲ. ಎರಡನೆಯ ಮಾತುಗಳು ಇಂಗ್ಲೆಂಡಿನ ೨೮೧ನೆಯ ಕಲಮನ್ನು ಹೋಲುತ್ತವೆ. ಆದರೆ ಅಲ್ಲಿರುವ ‘ದೇಹಕ್ಕಾದ ಗಾಯ’ ಎಂಬ ನಿರ್ಬಂಧ ಇಲ್ಲಿಲ್ಲ. ಹೀಗಾಗಿ ಕರಾರು ಮುರಿದವನು ವ್ಯಾಪಾರಿಗೆ ಕೊಡಬೇಕಾದ ಹಣಕ್ಕೂ, ಕಣ್ಣು ಕಳೆದವನು ಕುರುಡನಿಗೆ ಕೊಡಬೇಕಾದ ಹಣಕ್ಕೂ ಒಂದೇ ಸ್ಥಾನ. ದಂಡನ್ಯಾಯಾಲಯದ ಪರಿಹಾರದ ಆಜ್ಞೆಯನ್ನು ಈ ಮಾತುಗಳೊಳಗೆ ಅಡಕಮಾಡಿ ಓದಲು ಸಾಧ್ಯ; ಆದರೆ ಅದು ಇಲ್ಲಿಯೂ ಹೆಸರಿಸಲ್ಪಟ್ಟಿಲ್ಲ. ಮನೆಗಾಗಿ ಹಣ ಕೊಟ್ಟವರಿಗೆ ಮನೆಯನ್ನೊಪ್ಪಿಸದ ಕಟ್ಟಡೋದ್ಯಮಿಗೆ ಗ್ರಾಹಕ ಆಯೋಗ ವಿಧಿಸಿದ ದಂಡವು ಹೊರತುಪಡಿಸಿದ ಸಾಲವಾದುದರಿಂದ, ದಿವಾಳಿಯ ಅರ್ಜಿಯ ನೆಪದಲ್ಲಿ ಅದರ ವಸೂಲಿಯನ್ನು ತಡೆಯಲಾಗದೆಂದು ಸರ್ವೋಚ್ಚ ನ್ಯಾಯಾಲಯ ೨೦೨೫ರ ಮಾರ್ಚಿಯಲ್ಲಿ ತೀರ್ಪಿತ್ತುದು ಆಶಾದಾಯಕವಾಗಿದೆ.

ಆದರೆ ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ವ್ಯಕ್ತಿಗಳ ದಿವಾಳಿಯನ್ನು ಕುರಿತ ಈ ಭಾಗವು ೨೦೧೯ರ ಡಿಸೆಂಬರಿನಲ್ಲಿ ಜಾರಿಗೆ ಬಂದುದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ನಾವು ಆರಂಭದಲ್ಲಿ ಕಲ್ಪಿಸಿಕೊಂಡ ವರ್ತಕನಂಥ ಸಾಮಾನ್ಯ ವ್ಯಕ್ತಿಗೆ ೧೯೨೦ರ ಕಾಯಿದೆಯೇ ಗತಿಯಾಗಿ ಉಳಿಯಿತು.

೮. ಆಕ್ಷೇಪಗಳು ಮತ್ತು ಉಪಸಂಹಾರ

ನೊಂದವರ ಹಕ್ಕನ್ನು ಅಳಿಸಲಾಗದಂತೆ ಮಾಡುವುದಕ್ಕೆ ಎರಡು ಆಕ್ಷೇಪಗಳಿವೆ, ಎರಡೂ ವಿಚಾರಾರ್ಹವಾದವು. ಪ್ರಾಮಾಣಿಕವಾಗಿ ಸಾಲ ಕೊಟ್ಟ ಸಣ್ಣ ವ್ಯಾಪಾರಿಯೂ ಸಂಬಳ ಬಾರದ ಕೆಲಸಗಾರನೂ ಅಪರಾಧ ಮಾಡಿದವರಲ್ಲ. ಅವರ ಪಾಲನ್ನೇಕೆ ಕುಗ್ಗಿಸಬೇಕು? ಇದು ಮೊದಲನೆಯದು. ಇದಕ್ಕೆ ಉತ್ತರ, ಇಲ್ಲಿ ಕೇಳುವುದು ಆಸ್ತಿಯ ಹಂಚಿಕೆಯಲ್ಲಿ ಅಗ್ರಸ್ಥಾನವನ್ನಲ್ಲ, ಹಂಚಿಕೆಯ ನಂತರ ಉಳಿದ ಬಾಕಿ ಅಳಿಯದಿರುವುದನ್ನು ಎಂಬುದು. ಮೇಲಾಗಿ, ವ್ಯಾಪಾರಿಯು ಸಾಲಗಾರನನ್ನು ತಾನೇ ಆರಿಸಿಕೊಂಡನು. ಪೆಟ್ಟು ತಿಂದವನು ಯಾರನ್ನೂ ಆರಿಸಿಕೊಂಡವನಲ್ಲ. ಶಿಕ್ಷೆ ಅನುಭವಿಸಿ ಹೊರಬಂದವನ ಕತ್ತಿಗೆ ಎಂದೂ ತೀರದ ಸಾಲವನ್ನು ಕಟ್ಟಿದರೆ ಅವನು ದುಡಿದು ಬಾಳುವ ಆಸೆಯನ್ನೇ ಬಿಟ್ಟಾನೆಂಬುದು ಎರಡನೆಯ ಆಕ್ಷೇಪ. ಇದು ನಿಜ, ೪೪೨ ವರ್ಷಗಳ ಕಂತು ಕುರುಡನಿಗೂ ಪ್ರಯೋಜನವಿಲ್ಲ, ಅಪರಾಧಿಗೂ ಹಿತವಲ್ಲ. ನ್ಯಾಯಾಲಯವು ಷರತ್ತುಗಳ ಮೇಲೆ ಭಾಗಶಃ ಬಿಡುಗಡೆ ಮಾಡಬಹುದೆಂಬ ಇಂಗ್ಲೆಂಡಿನ ನಿಯಮ ಇಲ್ಲಿ ಅನುಕರಣೀಯವಾಗಿದೆ.

ಈ ಸಮೀಕ್ಷೆಯಿಂದ ನಮಗೆ ತೋರುವ ತೀರ್ಮಾನವಿಷ್ಟು. ದಿವಾಳಿ ಕಾಯಿದೆಯೊಂದರಿಂದಲೇ ನೊಂದವರಿಗೆ ನ್ಯಾಯ ದೊರಕಿಸಲಾಗದೆಂಬುದನ್ನು ೧೯೭೨ರ ಪ್ರಯೋಗ ತೋರಿಸಿಕೊಟ್ಟಿತು. ಬೊಕ್ಕಸದ ಪರಿಹಾರವೊಂದರಿಂದಲೇ ಅಪರಾಧಿಯ ಹೊಣೆ ತೀರದೆಂಬುದೂ ಅಷ್ಟೇ ಸ್ಪಷ್ಟ. ರಾಜ್ಯವು ಮೊದಲು ಕೊಡಬೇಕು. ಅಪರಾಧಿಯ ಬಾಕಿ ಅಳಿಯದೆ ನಿಲ್ಲಬೇಕು. ರಾಜ್ಯವು ಕೊಟ್ಟಷ್ಟನ್ನು ಅವನಿಂದ ಅವನ ಶಕ್ತ್ಯನುಸಾರ ವಸೂಲು ಮಾಡಬೇಕು. ಇದಕ್ಕಾಗಿ ೨೦೧೬ರ ಸಂಹಿತೆಯನ್ನು ಪಾರ್ಲಿಮೆಂಟಿನಲ್ಲಿ ತಿದ್ದಬೇಕಾದ ಅಗತ್ಯವೂ ಇಲ್ಲ. ಹೊರತುಪಡಿಸಿದ ಸಾಲಗಳಿಗೆ ನಿಯಮದ ಮೂಲಕ ಹೊಸದನ್ನು ಸೇರಿಸಲು ಸರಕಾರಕ್ಕೆ ಅಧಿಕಾರವಿದೆ. ದಂಡನ್ಯಾಯಾಲಯದ ಪರಿಹಾರದ ಆಜ್ಞೆಯನ್ನು ಆ ಪಟ್ಟಿಯಲ್ಲಿ ಹೆಸರಿಸಿ, ಆ ಭಾಗವನ್ನು ಎಲ್ಲ ವ್ಯಕ್ತಿಗಳಿಗೂ ಜಾರಿಗೆ ತಂದರೆ, ಎರಡು ಕೋಣೆಗಳ ನಡುವೆ ಒಂದು ಬಾಗಿಲಾದರೂ ತೆರೆದಂತಾಗುತ್ತದೆ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಕಾಯಿದೆಯ ಪುಸ್ತಕವು ಏನಾಗಬೇಕೆಂಬುದನ್ನು ಹೇಳುತ್ತದೆ. ಏನಾಯಿತೆಂಬುದನ್ನು ಹೇಳುವುದು ಜಿಲ್ಲಾ ನ್ಯಾಯಾಲಯಗಳ ಕಡತ. ೧೯೨೦ರ ಕಾಯಿದೆಯಂತೆ ನಡೆದ ದಿವಾಳಿ ನಡವಳಿಗಳಲ್ಲಿ ಸಾಲಿಗರ ಪಟ್ಟಿಗಳಿವೆ, ಆಸ್ತಿಯ ವಿವರಗಳಿವೆ, ವಿಮೋಚನೆಯ ಆಜ್ಞೆಗಳಿವೆ. ನಮ್ಮ ನಾಡಿನ ಆರ್ಥಿಕ ಜೀವನದ ಚರಿತ್ರೆಗೆ ಇವು ಬೆಲೆಯುಳ್ಳ ಆಕರಗಳು. ಆ ಪಟ್ಟಿಗಳಲ್ಲಿ ಗಾಯಗೊಂಡವರ ಹೆಸರು ಎಲ್ಲಿಯಾದರೂ ಇದೆಯೆ, ಇದ್ದರೆ ಅವರಿಗೆ ರೂಪಾಯಿಗೆ ಎಷ್ಟಾಣೆ ಸಂದಿತು ಎಂಬುದನ್ನು ತಾಳ್ಮೆಯಿಂದ ಹುಡುಕಿದವರು, ಚರಿತ್ರೆಗೂ ನ್ಯಾಯಕ್ಕೂ ಒಟ್ಟಿಗೆ ಸೇವೆ ಸಲ್ಲಿಸಿದಂತಾಗುವುದು.